ಟೊಮೆಟೊ ನೂರು ದಾಟಿದ ತಿಂಗಳಲ್ಲಿ 1,800 ರೂಪಾಯಿಯ ಊಟ

2023ರ ಜೂನ್ ಕೊನೆಯಲ್ಲಿ, ಮುಂದಿನ ಸಂಬಳ ಒಂದು ತಿಂಗಳು ತಡವಾಗಲಿದೆ ಎಂದು ತಿಳಿದಾಗ, ಮೈಸೂರಿನ ಒಂಟಿ ಕೋಣೆಯ ಬಾಡಿಗೆ, ಗ್ಯಾಸು ಮತ್ತು ಬಸ್ಸಿನ ದುಡ್ಡನ್ನು ಎತ್ತಿಟ್ಟ ಮೇಲೆ ಜುಲೈ ತಿಂಗಳ ಊಟಕ್ಕೆಂದು ನನ್ನಲ್ಲಿ ಉಳಿದದ್ದು 1,800 ರೂಪಾಯಿ. ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ್ದೂ ಅದೇ ತಿಂಗಳು. ಊರಿನಿಂದ ಅಕ್ಕಿ, ರಾಗಿ ತರಿಸಿಕೊಳ್ಳಬಹುದಿತ್ತು. ಆದರೆ ಅಮ್ಮನಿಗೆ ವಿಷಯ ತಿಳಿಯುವುದು ನನಗೆ ಬೇಕಿರಲಿಲ್ಲ.

ಮೊದಲ ದಿನವೇ 5 ಕಿಲೋ ರಾಗಿ, 6 ಕಿಲೋ ಅಕ್ಕಿ, 2 ಕಿಲೋ ಹುರುಳಿ, ಅರ್ಧ ಕಿಲೋ ತೊಗರಿಬೇಳೆ, ಒಂದು ಲೀಟರ್ ಎಣ್ಣೆ, ಬೆಲ್ಲ, ಕಡಲೆಕಾಯಿ ಬೀಜ, ಹುಣಸೆ, ಖಾರದಪುಡಿ ಮುಂತಾದವನ್ನು ಕೊಂಡು, ರಾಗಿಯನ್ನು ಗಿರಣಿಯಲ್ಲಿ ಬೀಸಿಸಿದ ಕೂಲಿಯೂ ಸೇರಿ 1,113 ರೂಪಾಯಿ ಖರ್ಚಾಯಿತು. ಉಳಿದ 687 ರೂಪಾಯಿಯಲ್ಲಿ ಸೊಪ್ಪು, ಹಾಲು, ಮೊಟ್ಟೆ ಎಲ್ಲವೂ ಆಗಬೇಕಿತ್ತು. ಕೆಲಸದ ನಡುವೆ ಹೊರಗೆ ದಿನಕ್ಕೆರಡು ಸಲ ಟೀ ಕುಡಿಯುವುದು ನನ್ನ ರೂಢಿ. ಒಂದಕ್ಕೆ 12 ರೂಪಾಯಿಯಂತೆ ಮೂವತ್ತು ದಿನಕ್ಕೆ 720 ಆಗುತ್ತದೆ ಎಂಬ ಲೆಕ್ಕವನ್ನು ಅಲ್ಲಿಯವರೆಗೆ ನಾನು ಹಾಕಿಯೇ ಇರಲಿಲ್ಲ. ಅಂದಿನಿಂದ ಮನೆಯಲ್ಲೇ ಬೆಲ್ಲದ ಟೀ ಮಾಡಿಕೊಂಡು ಹೊರಟೆ.

ತಿಂಗಳನ್ನು ದಾಟಿಸಿದ್ದು ಹುರುಳಿಯ ಕಟ್ಟು. ರಾತ್ರಿ ನೆನೆಸಿಟ್ಟ ಒಂದು ಪಾವು ಹುರುಳಿಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ, ಕಂದು ಬಣ್ಣದ ಆ ಕಟ್ಟನ್ನು ಬಸಿದುಕೊಳ್ಳುತ್ತಿದ್ದೆ. ಬಸಿದ ಕಾಳಿನಲ್ಲಿ ಒಂದು ಹಿಡಿ ತೆಗೆದಿಟ್ಟು, ಮಿಕ್ಕದ್ದಕ್ಕೆ ಸಾಸಿವೆ, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟರೆ ಪಲ್ಯ. ತೆಗೆದಿಟ್ಟ ಹಿಡಿ ಕಾಳನ್ನು ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಖಾರದಪುಡಿ, ಹುಣಸೆಯೊಂದಿಗೆ ರುಬ್ಬಿ ಕಟ್ಟಿಗೆ ಸೇರಿಸಿ ಕುದಿಸಿದರೆ ಬಸ್ಸಾರು. ಫ್ರಿಜ್ ಇರಲಿಲ್ಲವಾದ್ದರಿಂದ ಬೆಳಿಗ್ಗೆ ಸಂಜೆ ಮರೆಯದೆ ಕುದಿಸಿಡುತ್ತಿದ್ದೆ. ಜುಲೈಯ ತಂಪಿನಲ್ಲಿ ಮರುದಿನದ ರಾತ್ರಿಯವರೆಗೂ ಕೆಡುತ್ತಿರಲಿಲ್ಲ, ರುಚಿಯಂತೂ ಎರಡನೆಯ ದಿನವೇ ಹೆಚ್ಚು. ನಮ್ಮ ಕಡೆಯ ಬಸ್ಸಾರಿಗೂ ಉಪ್ಸಾರಿಗೂ ಟೊಮೆಟೊದ ಹಂಗಿಲ್ಲ ಎಂಬುದನ್ನು ನಾನು ಗಮನಿಸಿದ್ದು ಆಗಲೇ. ಟೊಮೆಟೊ ಇಲ್ಲದೆ ಅಡುಗೆ ಹೇಗೆ ಎಂದು ಅಕ್ಕಪಕ್ಕದವರು ಚಿಂತಿಸುತ್ತಿದ್ದಾಗ ನನ್ನ ಪಾತ್ರೆಯಲ್ಲಿ ಅದರ ಕೊರತೆಯೇ ಕಾಣಲಿಲ್ಲ.

ಎಡವಿದ್ದೂ ಹುರುಳಿಯಲ್ಲೇ. ಮೊಳಕೆ ಕಟ್ಟಿದರೆ ಕಾಳು ಹೆಚ್ಚಾಗುತ್ತದೆಂದು ಎರಡನೆಯ ವಾರ ಕಾಲು ಕಿಲೋ ನೆನೆಸಿ, ಒದ್ದೆ ಬಟ್ಟೆಯ ಗಂಟನ್ನು ತೂಗುಹಾಕುವ ಬದಲು ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟೆ. ಬಿಡದೆ ಜಿನುಗುತ್ತಿದ್ದ ಮಳೆಯ ತೇವದಲ್ಲಿ ಗಾಳಿಯಾಡದೆ ಮಾರನೆಯ ಸಂಜೆಗೆ ಕಾಳೆಲ್ಲ ಲೋಳೆಯಾಗಿ ಹುಳಿ ವಾಸನೆ ಹಿಡಿದಿತ್ತು. ಹೆಚ್ಚುಕಡಿಮೆ ಒಂದು ದಿನದ ಕೈಖರ್ಚನ್ನು ಕಸದ ಬುಟ್ಟಿಗೆ ಸುರಿದಂತಾಯಿತು.

ಸೊಪ್ಪನ್ನು ದೇವರಾಜ ಮಾರುಕಟ್ಟೆಯಲ್ಲಿ ಅಂಗಡಿ ಎತ್ತುವ ಹೊತ್ತಿಗೆ ಹೋಗಿ ಕೊಳ್ಳುತ್ತಿದ್ದೆ. ಬೆಳಿಗ್ಗೆ ಕಟ್ಟಿಗೆ 15 ರೂಪಾಯಿ ಹೇಳುವ ದಂಟಿನ ಸೊಪ್ಪು ಆಗ ಮೂರು ಕಟ್ಟಿಗೆ 20ಕ್ಕೆ ಸಿಗುತ್ತಿತ್ತು. ಒಮ್ಮೆ ಸೊಪ್ಪಿನಜ್ಜಿ, 'ದಿನಾ ಬರೀ ಸೊಪ್ಪೇ ತಿಂತೀಯೇನಪ್ಪಾ?' ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ ಒಂದು ಹಿಡಿ ಕೊತ್ತಂಬರಿಯನ್ನು ಚೀಲಕ್ಕೆ ತುರುಕಿದರು. ಮೂರು ದಿನಕ್ಕೊಮ್ಮೆ ಅರ್ಧ ಲೀಟರ್ ಹಾಲು ತಂದು, ಟೀಗೆ ಬಿಟ್ಟು ಉಳಿದದ್ದನ್ನು ಹೆಪ್ಪು ಹಾಕುತ್ತಿದ್ದೆ. ರಾತ್ರಿಯ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು ಮತ್ತು ಹಸಿ ಈರುಳ್ಳಿಯೊಂದಿಗೆ ಕುಡಿದರೆ ಮಧ್ಯಾಹ್ನದವರೆಗೆ ಹಸಿವಿನ ನೆನಪಾಗುತ್ತಿರಲಿಲ್ಲ.

ಹೊಟ್ಟೆಗಿಂತ ನಾಲಿಗೆ ಕಷ್ಟಪಟ್ಟದ್ದು ಹೆಚ್ಚು. ಮೂರನೆಯ ವಾರ ಹೋಟೆಲಿನ ಮುಂದೆ ದೋಸೆಯ ವಾಸನೆಗೆ ನಿಂತುಬಿಟ್ಟದ್ದೂ ಉಂಟು. ಜುಲೈ 7 ಮತ್ತು 14 ಆಷಾಢ ಶುಕ್ರವಾರಗಳಾದ್ದರಿಂದ ಬೀದಿಯಲ್ಲಿ ಹಂಚಿದ ಪ್ರಸಾದವೇ ಆ ಎರಡು ಮಧ್ಯಾಹ್ನದ ಊಟವಾಯಿತು. ಅದನ್ನು ಮರೆಮಾಚಿ ಎಲ್ಲವನ್ನೂ ನನ್ನ ಜಾಣ್ಮೆಯೆಂದರೆ ಲೆಕ್ಕ ಸುಳ್ಳಾಗುತ್ತದೆ.

31ರ ಸಂಜೆ ಡಬ್ಬಿಯಲ್ಲಿ ಎರಡು ಹೊತ್ತಿಗಾಗುವಷ್ಟು ರಾಗಿಹಿಟ್ಟು, ಜೇಬಿನಲ್ಲಿ 14 ರೂಪಾಯಿ ಉಳಿದಿದ್ದವು. ಅದರಲ್ಲಿ 12 ರೂಪಾಯಿ ಕೊಟ್ಟು ಮೂಲೆಯಂಗಡಿಯಲ್ಲಿ ಟೀ ಕುಡಿದೆ. ಸಕ್ಕರೆ ವಿಪರೀತ ಎನಿಸಿತು.