ಜಪಾನಿನ ಸನ್‌ಸ್ಕ್ರೀನ್ ಮೈಸೂರಿಗೆ ತರಿಸುವ ಲೆಕ್ಕ

ನನ್ನದು ಎಣ್ಣೆಗಪ್ಪು ಬಣ್ಣ. ಇಲ್ಲಿ ಸಿಗುವ ಎಷ್ಟೋ ಸನ್‌ಸ್ಕ್ರೀನ್ ಹಚ್ಚಿಕೊಂಡರೆ ಮುಖಕ್ಕೆ ವಿಭೂತಿ ಬಳಿದ ಹಾಗೆ ಕಾಣುತ್ತದೆ. ಜಪಾನಿನಲ್ಲಿ ಮಾರುವ ತೆಳು ಸನ್‌ಸ್ಕ್ರೀನ್‌ಗಳಲ್ಲಿ ನನಗೆ ಆ ತಾಪತ್ರಯ ಇಲ್ಲ. ಬಿಸಿಲಿನಿಂದ ಎಷ್ಟು ರಕ್ಷಣೆ ಎಂದು ಹೇಳುವ ಎಸ್‌ಪಿಎಫ್ 50+, ಪಿಎ++++ ಗುರುತು ಎರಡೂ ಇದ್ದು, ಹಚ್ಚಿದ್ದು ಗೊತ್ತೇ ಆಗುವುದಿಲ್ಲ. ಆದರೆ ನನಗೆ ಬೇಕಾದ ಅಂಗಡಿಗಳು ಜಪಾನಿನ ಒಳಗಿನ ವಿಳಾಸಕ್ಕೆ ಮಾತ್ರ ಕಳಿಸುತ್ತವೆ. ಹಾಗಾಗಿ ಫಾರ್ವರ್ಡಿಂಗ್ ಸೇವೆ ಹಿಡಿದೆ.

ಕೆಲಸ ನಡೆಯುವುದು ಹೀಗೆ. ಖಾತೆ ತೆರೆದರೆ ಅವರ ಗೋದಾಮಿನ ವಿಳಾಸ, ಜೊತೆಗೆ ನಮ್ಮದೇ ಒಂದು ನಂಬರ್ ಕೊಡುತ್ತಾರೆ. ನಾವು ಅಂಗಡಿಯಲ್ಲಿ ಕೊಂಡು ಆ ವಿಳಾಸ ಹಾಕುವುದು. ಬೇರೆ ಬೇರೆ ಅಂಗಡಿಯಿಂದ ಬಂದದ್ದನ್ನು ಗೋದಾಮಿನವರು ಒಂದೇ ಬಾಕ್ಸಿಗೆ ಹಾಕಿ, ತೂಗಿ, ಮನೆಗೆ ಕಳಿಸುತ್ತಾರೆ. ಅಂಗಡಿಯವರು ನಮ್ಮ ಕಾರ್ಡ್ ತೆಗೆದುಕೊಳ್ಳದಿದ್ದರೆ ನಮ್ಮ ಪರವಾಗಿ ತಾವೇ ಕೊಳ್ಳುವ ಸೇವೆಗಳೂ ಇವೆ, ಅದಕ್ಕೆ ಶುಲ್ಕ ಬೇರೆ. ಶುರುವಿನಲ್ಲೇ ಗುರುತಿನ ಚೀಟಿ ಕೇಳುತ್ತಾರೆ, ಗಾಬರಿ ಬೇಡ. ಬೇರೆಯವರ ಅಂಚೆ ತೆಗೆದುಕೊಳ್ಳುವ ಸಂಸ್ಥೆಗಳು ಗ್ರಾಹಕರ ಗುರುತು ಖಚಿತ ಮಾಡಿಕೊಳ್ಳಲೇಬೇಕು ಎಂಬುದು ಜಪಾನಿನ ಕಾನೂನು.

ನನ್ನ ತಲೆ ತಿಂದದ್ದು ಹೆಸರು. ಜಪಾನಿನ ಅಂಗಡಿಗಳು ಹೆಸರನ್ನು ಕತಕನ ಲಿಪಿಯಲ್ಲೂ ಕೇಳುತ್ತವೆ. ಆ ಭಾಷೆಯಲ್ಲಿ ಲ ಇಲ್ಲ, ಹಾಗಾಗಿ ಅಲ್ಲಿ ನಾನು ಲಲಿತಾ ಹೋಗಿ ರರಿತಾ. ಅದು ಪರವಾಗಿಲ್ಲ, ಗೋದಾಮಿನವರು ನೋಡುವುದು ನಂಬರ್. ಅದನ್ನು ಮಾತ್ರ ಬಿಡಬಾರದು. ನಿಜವಾದ ತಕರಾರು ನಮ್ಮ ಇನಿಶಿಯಲ್‌ಗಳದ್ದು. ಆಧಾರ್‌ನಲ್ಲಿ ನನ್ನ ಇನಿಶಿಯಲ್ ಹೆಸರಿನ ಹಿಂದೆ ಬರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಶಿಯಲ್ ಬಿಡಿಸಿಕೊಂಡು ಊರು, ಅಪ್ಪ ಎಲ್ಲ ಸಾಲಾಗಿ ನಿಂತಿದ್ದಾರೆ. ಕೊರಿಯರ್‌ನಲ್ಲಿ ಬರುವ ಪಾರ್ಸೆಲ್‌ಗೆ ಇಲ್ಲಿ ಕಸ್ಟಮ್ಸ್‌ಗಾಗಿ ಕೆವೈಸಿ ಆಗಬೇಕು. ಬಾಕ್ಸಿನ ಮೇಲಿನ ಹೆಸರಿಗೂ ಚೀಟಿಯ ಹೆಸರಿಗೂ ಹೊಂದದಿದ್ದರೆ ಪಾರ್ಸೆಲ್ ಅಲ್ಲೇ ಕೂರುತ್ತದೆ. ಕೆವೈಸಿಗೆ ಯಾವ ಚೀಟಿ ಕೊಡುತ್ತೀರೋ ಅದರಲ್ಲಿ ಇರುವ ಹಾಗೆಯೇ, ಅಕ್ಷರ ಬಿಡದೆ, ಫಾರ್ವರ್ಡರ್ ಖಾತೆಯಲ್ಲೂ ಬರೆಯಿರಿ.

ಈಗ ದುಡ್ಡಿನ ವಿಷಯ. ಟ್ಯೂಬ್ ಅಗ್ಗ, ಸಾಗಣೆ ದುಬಾರಿ. ಎಕ್ಸ್‌ಪ್ರೆಸ್ ಕೊರಿಯರ್‌ನವರು ತೂಕದ ಜೊತೆ ಬಾಕ್ಸಿನ ಗಾತ್ರವನ್ನೂ ಅಳೆಯುತ್ತಾರೆ. ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದದ್ದು ಕಿಲೋ. 40, 30, 20ರ ಬಾಕ್ಸ್ ಅಂದರೆ 4.8 ಕಿಲೋ. ಒಳಗೆ ಒಂದೂವರೆ ಕಿಲೋ ಸಾಮಾನು ಇದ್ದರೂ ಕಟ್ಟುವುದು 4.8ಕ್ಕೆ! ಹಾಗಾಗಿ ಗೋದಾಮಿನವರಿಗೆ ಮರುಪ್ಯಾಕ್ ಮಾಡಲು ಹೇಳುತ್ತೇನೆ. ಅಂಗಡಿಯ ದೊಡ್ಡ ಡಬ್ಬ, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲ ಎಲ್ಲ ತೆಗೆಸುತ್ತೇನೆ. ಜಪಾನ್ ಪೋಸ್ಟ್ ವಿದೇಶಕ್ಕೆ ಕಳಿಸುವ ಅಂಚೆ ಸೇವೆ ಇಎಂಎಸ್‌ನಲ್ಲಿ ನಿಜವಾದ ತೂಕಕ್ಕೇ ದರ, ಅಂಚೆಯಣ್ಣನೇ ತಂದು ಕೊಡುತ್ತಾರೆ. ಅವಸರ ಇಲ್ಲದಿದ್ದರೆ ನನ್ನ ಆಯ್ಕೆ ಅದೇ. ಅಲ್ಲೂ ಮೊದಲ 500 ಗ್ರಾಂಗೇ ಹೊರೆ ಜಾಸ್ತಿ. ಆಮೇಲಿನ ಗ್ರಾಂಗಳು ಅಗ್ಗವಾಗುತ್ತಾ ಹೋಗುತ್ತವೆ.

ಅಂದರೆ ದೊಡ್ಡ ಬಾಕ್ಸ್ ಲಾಭ, ಅಲ್ವಾ? ಅಕ್ಕ, ಆಫೀಸಿನ ಗೆಳತಿಯರು ಎಲ್ಲರದೂ ಸೇರಿಸಿ ತರಿಸಿಬಿಡಬಹುದು. ಇಲ್ಲಿ ಕಸ್ಟಮ್ಸ್ ಅಡ್ಡ ಬರುತ್ತದೆ. ಮಾರಾಟಕ್ಕೆ ಸೌಂದರ್ಯವರ್ಧಕ ತರಿಸಲು 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ನೋಂದಣಿ ಬೇಕು. ಒಬ್ಬಳ ಹೆಸರಿನ ಬಾಕ್ಸಿನಲ್ಲಿ ಒಂದೇ ಟ್ಯೂಬ್ ಎರಡು ಡಜನ್ ಇದ್ದರೆ ಅಧಿಕಾರಿ ಸ್ವಂತಕ್ಕೆ ಅಂದರೆ ಹೇಗೆ ನಂಬಬೇಕು? ತೂಕದ ಲೆಕ್ಕ ತುಂಬು ಅನ್ನುತ್ತದೆ, ಸುಂಕದ ಲೆಕ್ಕ ಸಾಕು ಅನ್ನುತ್ತದೆ. ನಾನು ಒಂದು ಮನೆಗೆ ಒಂದು ವರ್ಷಕ್ಕೆ ಆಗುವಷ್ಟಕ್ಕೆ ನಿಲ್ಲಿಸುತ್ತೇನೆ. ಗೆಳತಿಯರಿಗೆ ಅವರವರ ಖಾತೆ ಮಾಡಿಕೊಟ್ಟಿದ್ದೇನೆ. ಸ್ವಲ್ಪ ಗೊಣಗಿದರು.

ಸುಂಕ ಬರೀ ಟ್ಯೂಬಿನ ಬೆಲೆಗೆ ಬೀಳುವುದಿಲ್ಲ. ಸಾಮಾನಿನ ಬೆಲೆ, ಸಾಗಣೆ, ವಿಮೆ ಮೂರೂ ಕೂಡಿಸಿ ಅದರ ಮೇಲೆ ಸುಂಕ. ಸುಂಕವೂ ಸೇರಿದ ಮೊತ್ತದ ಮೇಲೆ ಐಜಿಎಸ್‌ಟಿ ಎಂಬ ತೆರಿಗೆ. ಕೊರಿಯರ್‌ನವರು ಸುಂಕವನ್ನು ಮೊದಲು ತಾವು ಕಟ್ಟಿದರೆ ಆ ಸೇವೆಗೂ ಶುಲ್ಕ ಹಾಕುತ್ತಾರೆ. ದರ ಆಗಾಗ ಬದಲಾಗುತ್ತದೆ. ಹಾಗಾಗಿ ಸಾಮಾನು, ಸಾಗಣೆ ಸೇರಿ ಎಷ್ಟಾಯಿತೋ ಅದರ ಅರ್ಧದಷ್ಟು ದುಡ್ಡು ಪಕ್ಕಕ್ಕೆ ಇಟ್ಟುಬಿಡುತ್ತೇನೆ, ಉಳಿದರೆ ಖುಷಿ. ಗಿಫ್ಟ್ ಅಂತ ಬರೆಸಿದರೆ ಸುಂಕ ಇಲ್ಲ ಎಂದು ಈಗಲೂ ಹೇಳುವವರಿದ್ದಾರೆ. ಆ ವಿನಾಯಿತಿ 2019ರ ಡಿಸೆಂಬರ್‌ನಲ್ಲೇ ಹೋಯಿತು, ರಾಖಿ ಮತ್ತು ಜೀವರಕ್ಷಕ ಔಷಧಿ ಬಿಟ್ಟು. ಬೆಲೆ ಕಡಿಮೆ ತೋರಿಸುವುದೂ ಬೇಡ, ಪಾರ್ಸೆಲ್ ಕಳೆದುಹೋದರೆ ಪರಿಹಾರವೂ ಅಷ್ಟಕ್ಕೇ ಸಿಗುತ್ತದೆ. ಸುಂಕ ಕಟ್ಟಿ ಅಂತ ಲಿಂಕ್ ಹಾಕಿದ ಎಸ್‌ಎಂಎಸ್ ಬಂದರೆ ಮುಟ್ಟುವುದಿಲ್ಲ. ಅಂಚೆ ಅಥವಾ ಕೊರಿಯರ್‌ನ ವೆಬ್‌ಸೈಟಿಗೆ ನಾನೇ ಹೋಗಿ ಟ್ರ್ಯಾಕಿಂಗ್ ನಂಬರ್ ಹಾಕಿ ನೋಡುತ್ತೇನೆ.

ಕೆಲವು ಸಾಮಾನು ವಿಮಾನ ಹತ್ತುವುದಿಲ್ಲ. ಸ್ಪ್ರೇ ಡಬ್ಬ, ನೇಲ್ ಪಾಲಿಶ್, ಪರ್ಫ್ಯೂಮ್ ಅಂಚೆಯಲ್ಲಿ ಇಲ್ಲ. ಆಲ್ಕೋಹಾಲ್ ಜಾಸ್ತಿ ಇರುವ ಕೆಲವು ಸನ್‌ಸ್ಕ್ರೀನ್‌ಗಳನ್ನೂ ಗೋದಾಮಿನಲ್ಲಿ ತಡೆಯುತ್ತಾರೆ. ಡಬ್ಬದ ಮೇಲೆ ಬೆಂಕಿಯಿಂದ ದೂರವಿಡಿ ಎಂಬ ಎಚ್ಚರಿಕೆ ಇದೆಯಾ ಎಂದು ಮೊಬೈಲ್ ಕ್ಯಾಮರಾದ ಅನುವಾದದಲ್ಲಿ ಅಂಗಡಿಯ ಫೋಟೋ ಓದಿಸಿ ನೋಡುತ್ತೇನೆ. ಇದ್ದರೆ ಕೊಳ್ಳುವ ಮುಂಚೆಯೇ ಫಾರ್ವರ್ಡರ್‌ಗೆ ಮೇಲ್.

ಎಕ್ಸ್‌ಪೈರಿ ದಿನಾಂಕ ಕಾಣಲಿಲ್ಲ ಎಂದು ಅಕ್ಕ ಒಮ್ಮೆ ರಂಪ ಮಾಡಿದಳು. ಮೂರು ವರ್ಷಕ್ಕಿಂತ ಹೆಚ್ಚು ಕಾಲ ಕೆಡದೆ ಇರುವುದಕ್ಕೆ ಜಪಾನಿನಲ್ಲಿ ದಿನಾಂಕ ಹಾಕುವುದು ಕಡ್ಡಾಯವಲ್ಲ. ಟ್ಯೂಬಿನ ಬಾಲದಲ್ಲಿ ಒತ್ತಿರುವುದು ಬ್ಯಾಚ್ ಸಂಖ್ಯೆ. ನಾನು ಟ್ಯೂಬ್ ತೆರೆದ ತಿಂಗಳನ್ನು ಮಾರ್ಕರ್‌ನಲ್ಲಿ ಬರೆದಿಡುತ್ತೇನೆ. ಆರ್ಡರ್ ಮಾಡುವುದು ಮಾತ್ರ ನವೆಂಬರ್, ಡಿಸೆಂಬರ್‌ನಲ್ಲಿ. ಏಪ್ರಿಲ್ ಬಿಸಿಲಿನಲ್ಲಿ ಪಾರ್ಸೆಲ್ ಗೋದಾಮಿನಲ್ಲಿ ಬೇಯುವುದು ಬೇಡ. ವಿಟಮಿನ್ ಸಿ ಸೀರಂ ಅಂತೂ ಶಾಖಕ್ಕೆ ಬೇಗ ಕಂದು ತಿರುಗುತ್ತದೆ, ಅದನ್ನು ಇಲ್ಲೇ ಕೊಳ್ಳುತ್ತೇನೆ.

ಮುಖ ತೊಳೆದ ಮೇಲೆ ಹಚ್ಚುವ ಟೋನರ್ ಕೂಡ ತರಿಸುವುದಿಲ್ಲ. ಅದರಲ್ಲಿ ಬಹುಪಾಲು ನೀರು, ಆ ನೀರಿಗೆ ವಿಮಾನದ ಟಿಕೆಟ್ ಯಾಕೆ? ಕೊರಿಯಾದ ಸುಮಾರು ಬ್ರ್ಯಾಂಡ್‌ಗಳು ಈಗ ನಮ್ಮ ದೇಶದ ಆನ್‌ಲೈನ್ ಅಂಗಡಿ ನೈಕಾದಲ್ಲೇ ಸಿಗುತ್ತವೆ, ಅವುಗಳಿಗೂ ಈ ಸರ್ಕಸ್ ಬೇಕಿಲ್ಲ. ಈಗ ನನ್ನ ಪಟ್ಟಿಯಲ್ಲಿ ಉಳಿದಿರುವುದು ಸನ್‌ಸ್ಕ್ರೀನ್ ಟ್ಯೂಬ್, ತುಟಿಗೆ ಹಚ್ಚುವ ಬಾಮ್, ಅಕ್ಕನಿಗೆ ಮೇಕಪ್ ತೆಗೆಯುವ ಒಂದು ಕ್ಲೆನ್ಸಿಂಗ್ ಬಾಮ್.