ಮಣ್ಣಲ್ಲಿ ಸಿಕ್ಕ ಕಪ್ಪು ಗಡ್ಡೆ ಯಾವುದು ಅಂತ ಕೊನೆಗೂ ಗೊತ್ತಾಯಿತು

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಮನೆ ಹಿಂದೆ ಮೆಂತ್ಯ ಬಿತ್ತೋಣ ಅಂತ ಅಗೆದರೆ ಕಪ್ಪು ಗಡ್ಡೆಗಳು. ತಂತಿಯಂಥ ಬೇರಿನಲ್ಲಿ ಪೋಣಿಸಿದ ಮಣಿಸರದ ಹಾಗೆ. ಅರಿಶಿನದ ಜಾತಿ ಇರಬೇಕು ಅಂದುಕೊಂಡೆ. ಉಗುರಲ್ಲಿ ಕೆರೆದೆ: ಒಳಗೆ ಬಿಳಿ, ಊದಿನಕಡ್ಡಿಯಂಥ ವಾಸನೆ. ಎರಡನ್ನು ಕುಂಡದಲ್ಲಿ ಹೂತಿಟ್ಟೆ. ಹುಲ್ಲು ಬಂತು, ಆಮೇಲೆ ಹೂದಂಟು. ಬೆರಳಲ್ಲಿ ಉರುಳಿಸಿದರೆ ಉರುಳಲಿಲ್ಲ, ಮೂರು ಮೂಲೆ!

ತುಮಕೂರಿನಿಂದ ಬಂದಿದ್ದ ಅತ್ತೆ ನೋಡಿದ ಕೂಡಲೇ, "ಇದು ಕೊನ್ನಾರಿ ಗಡ್ಡೆ ಕಣಮ್ಮಾ" ಅಂದರು. ಇಲ್ಲಿಯವರ ನಾಗರಮೋಥಾ ಇದೇ. ದೀಪಾವಳಿ ಸ್ನಾನಕ್ಕೆ ಮೈಗೆ ಹಚ್ಚುವ ಉಟಣೆ ಪುಡಿಗೆ ದುಡ್ಡು ಕೊಟ್ಟು ತರುತ್ತೇವೆ, ಹಿತ್ತಿಲಲ್ಲಿ ಬೆಳೆದರೆ ಕಳೆ!

ಸುಮ್ನೆ ಹುಲ್ಲು ಕಿತ್ತರೆ ಆಗಲ್ಲ, ಉಳಿದ ಗಡ್ಡೆ ಮತ್ತೆ ಚಿಗುರುತ್ತದೆ. ಒಂದು ಅಡಿ ಅಗೆದು, ಮಣ್ಣನ್ನೆಲ್ಲ ಜರಡಿ ಹಿಡಿದೆ. ಅರ್ಧ ಬಕೆಟ್ ಸಿಕ್ಕಿತು. ಈಗ ಮೆಂತ್ಯ ಎರಡೆಲೆ ಬಿಟ್ಟಿದೆ.