ಕಾಪು ದೀಪಸ್ತಂಭ ಏರುವವರ ಗಮನಕ್ಕೆ

ಉಡುಪಿಯ ದಕ್ಷಿಣಕ್ಕಿರುವ ಕಾಪು ಕಡಲತೀರದ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ, ಸುಮಾರು 27 ಮೀಟರ್ ಎತ್ತರದ ದೀಪಸ್ತಂಭವನ್ನು ಏರಬಯಸುವವರು ಸಂಜೆಯ ಹೊತ್ತಿಗೆ ಅಲ್ಲಿರುವಂತೆ ಹೊರಡುವುದು ಉತ್ತಮ. ಸಾರ್ವಜನಿಕರಿಗೆ ಸಾಮಾನ್ಯವಾಗಿ ಪ್ರವೇಶವಿರುವುದು ಸೂರ್ಯಾಸ್ತಕ್ಕೆ ಮುಂಚಿನ ಸ್ವಲ್ಪ ಸಮಯ ಮಾತ್ರ. ಒಳಗಿನ ಸುರುಳಿ ಮೆಟ್ಟಿಲುಗಳು ಇಕ್ಕಟ್ಟಾಗಿರುವುದರಿಂದ, ಮಂಡಿನೋವಿರುವ ಹಿರಿಯರನ್ನು ಒತ್ತಾಯಿಸದೆ ಕೆಳಗೆ ಮರಳ ದಂಡೆಯಲ್ಲಿಯೇ ಕೂರಿಸಿ. ಅಲ್ಲಿಂದ ಕಾಣುವ ಸೂರ್ಯಾಸ್ತವೂ ಅಷ್ಟೇ ಮನೋಹರ. ಮೇಲಿನಿಂದ ಒಂದು ಕಡೆ ತೆಂಗಿನ ತೋಟಗಳು, ಇನ್ನೊಂದು ಕಡೆ ಮೀನುಗಾರರ ದೋಣಿಗಳು ಕಾಣುವ ನೋಟವನ್ನು, ಏರಲು ಶಕ್ತಿಯಿರುವವರು ತಪ್ಪಿಸಿಕೊಳ್ಳಬಾರದೆಂಬುದು ನನ್ನ ಮನಃಪೂರ್ವಕ ಕೋರಿಕೆ. ಮಳೆಗಾಲದಲ್ಲಿ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ, ಅಲೆಗಳು ಅನಿರೀಕ್ಷಿತವಾಗಿ ಮೇಲೇರುತ್ತವೆ. ಆಗ ಫೋಟೋಕ್ಕಾಗಿ ಅಂಚಿಗೆ ಹೋಗಬೇಡಿ, ಮಕ್ಕಳ ಕೈಯನ್ನಂತೂ ಬಿಡಲೇಬೇಡಿ.